ಊರಿಗೆಲ್ಲ ಅಪ್‌ಡೇಟ್ ಹಂಚಿದವನು

ಸುಂಕದಕಟ್ಟೆಯ ಭೈರೇಶ್ ಎಂದರೆ ನಾನೇ, ಕಂಪ್ಯೂಟರ್ ಸೆಂಟರಿನ ಮಾಲೀಕ. ವಿಸಿಟಿಂಗ್ ಕಾರ್ಡಿನಲ್ಲಿ 'ನೆಟ್‌ವರ್ಕ್ ತಜ್ಞ' ಎಂದಿದೆ. ಕಾರ್ಡು ಅಚ್ಚು ಹಾಕಿಸಿದವನೂ ನಾನೇ ಆದ್ದರಿಂದ ಯಾರೂ ಆಕ್ಷೇಪಣೆ ಎತ್ತಿಲ್ಲ.

ಅಂಗಡಿಯಲ್ಲಿ ಹತ್ತು ಕಂಪ್ಯೂಟರ್‌ಗಳಿವೆ. ಗಿರಾಕಿ ಇರಲಿ, ಬಿಡಲಿ, ಬೆಳಗ್ಗೆ ಊದುಬತ್ತಿ ಹಚ್ಚಿ ಹತ್ತನ್ನೂ ಆನ್ ಮಾಡುತ್ತೇನೆ. ಕತ್ತಲೆ ಅಂಗಡಿಗೆ ಲಕ್ಷ್ಮಿ ಬರುತ್ತಾಳಾ? ಈಗ ಎಲ್ಲರ ಕೈಯಲ್ಲೂ ಫೋನು, ಲಕ್ಷ್ಮಿಯ ಕೈಯಲ್ಲೂ ಇದ್ದೀತು. ಆದರೂ ನಾನು ಬಿಟ್ಟಿಲ್ಲ.

ಕಂಪ್ಯೂಟರಿನ ಸಾಫ್ಟ್‌ವೇರಿಗೆ ಆಗಾಗ ಅಪ್‌ಡೇಟ್ ಬರುತ್ತದೆ. ಒಂದೇ ಅಪ್‌ಡೇಟನ್ನು ಹತ್ತೂ ಬೇರೆ ಬೇರೆಯಾಗಿ ಇಳಿಸಿಕೊಂಡರೆ ನೆಟ್ ಸಾಯುತ್ತದೆ. ಅದಕ್ಕೆ ಒಂದು ಉಪಾಯವಿದೆ: ಒಂದು ಇಳಿಸಿಕೊಂಡು ಉಳಿದವಕ್ಕೆ ಹಂಚುವುದು. ಪಕ್ಕದ ಮನೆಯ ಹೆಪ್ಪು ತಂದು ಮೊಸರು ಮಾಡಿಕೊಂಡ ಹಾಗೆ. ಸೆಟ್ಟಿಂಗಿನಲ್ಲಿ ಎರಡು ಆಯ್ಕೆಗಳಿದ್ದವು. ನಮ್ಮ ಅಂಗಡಿಯ ಕಂಪ್ಯೂಟರ್‌ಗಳಿಗೆ ಮಾತ್ರ, ಇಲ್ಲವೇ ಇಂಟರ್ನೆಟ್ಟಿನಲ್ಲಿರುವ ಹೊರಗಿನವರಿಗೂ. ಹೆಪ್ಪು ಕೇಳಿದವರಿಗೆ ಇಲ್ಲ ಅನ್ನುವ ಮನೆತನವಾ ನಮ್ಮದು? ಹತ್ತರಲ್ಲೂ ಎರಡನೆಯದನ್ನೇ ಒತ್ತಿದೆ.

ಆಯುಧಪೂಜೆಗೆ ಎಲ್ಲಕ್ಕೂ ಕುಂಕುಮ ಇಟ್ಟು ಆಫ್ ಮಾಡಿದ್ದೆ. ಪೂಜೆಯಾದ ಆಯುಧ ಮುಟ್ಟಬಾರದಲ್ಲ. ಹಬ್ಬ ಕಳೆದ ಮೇಲೆ ಒಳ್ಳೆ ಗಳಿಗೆ ನೋಡಿ ಹತ್ತನ್ನೂ ಒಟ್ಟಿಗೇ ಎಬ್ಬಿಸಿದೆ. ಅವತ್ತೇ ಮಧ್ಯಾಹ್ನ ಭಾಗವ್ವ ತಮ್ಮ ಮಗಳು ಚೇತನಾಳನ್ನು ಕರೆದುಕೊಂಡು ಬಂದರು. ಸಿಂದಗಿ ಕಡೆಯವರು, ಇಲ್ಲಿ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಚೇತನಾ ನರ್ಸಿಂಗ್ ಸೇರಬೇಕು. ಹೋದ ವರ್ಷ ಟೈಫಾಯ್ಡ್ ಬಂದು ಅರ್ಜಿ ತಪ್ಪಿತ್ತು. ಈ ಸಲವೂ ತಪ್ಪಿದರೆ ಅವ್ವನ ಪಕ್ಕದ ಹೊಲಿಗೆ ಮೆಷಿನ್ನೇ ಗತಿ. ಅರ್ಜಿಗೆ ಅವತ್ತು ಸಂಜೆ ಐದಕ್ಕೆ ಕೊನೆ.

ಅರ್ಜಿ ತುಂಬಿದೆವು. ಅಂಕಪಟ್ಟಿಯ ಸ್ಕ್ಯಾನ್ ಮಾತ್ರ ಹೋಗಲೊಲ್ಲದು. ಚಕ್ರ ತಿರುಗುತ್ತದೆ, ತಿರುಗುತ್ತದೆ, 'ಮತ್ತೆ ಪ್ರಯತ್ನಿಸಿ' ಎನ್ನುತ್ತದೆ.

"ಅಣ್ಣಾ, ನನ್ನ ಫೋನಿಂದ ಹಾಟ್‌ಸ್ಪಾಟ್ ಕೊಡ್ಲೇನ್ರಿ?" ಎಂದಳು ಚೇತನಾ.

"ನನ್ನ ಅಂಗಡೀಲಿ ನಿಮ್ಮ ನೆಟ್ಟಾ? ಸುಮ್ನಿರಮ್ಮ!"

ನೆಟ್ ಲೈನ್ ಕೊಟ್ಟ ಮುನಿರಾಜುಗೆ ಫೋನ್ ಹಚ್ಚಿದೆ. "ಏನ್ ಗುರು, ಬಸವನಹುಳು ಕಟ್ಟಿದೀಯಾ ವೈರಿಗೆ? ಒಂದು ಫೋಟೋ ಹೋಗ್ತಿಲ್ಲ!" ಎಂದು ಮಾಗಡಿ ರೋಡಿಗೆಲ್ಲ ಕೇಳುವಂತೆ ಉಗಿದೆ.

"ಲೈನ್ ಸರಿಯಾಗೇ ಇದೆ ಸಾರ್."

"ಸರಿಯಾಗಿದೆಯಾ? ತಡಿ, ಸ್ಕ್ರೀನ್ ಫೋಟೋನೇ ಕಳಿಸ್ತೀನಿ!"

ಸಾಕ್ಷಿ ಬೇಕಲ್ಲ ಎಂದು, ನೆಟ್ಟಿನಲ್ಲಿ ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ ಎಂದು ತೋರಿಸುವ ಪುಟ ತೆರೆದೆ. ಬರುತ್ತಿದ್ದದ್ದು ಹಿಡಿಯಷ್ಟು, ಹೋಗುತ್ತಿದ್ದದ್ದು ಕಣಜದಷ್ಟು. ಪಕ್ಕದ ಕಂಪ್ಯೂಟರಿನಲ್ಲೂ ಅದೇ. ಅಯ್ಯೋ ಶಿವನೇ! ಹಬ್ಬದಲ್ಲಿ ಬಾಕಿಯಾದದ್ದನ್ನೆಲ್ಲ ಅವತ್ತೇ ಇಳಿಸಿಕೊಂಡು, ಹತ್ತೂ ಸೇರಿ ಕಂಡವರಿಗೆಲ್ಲ ಅಪ್‌ಡೇಟ್ ಬಡಿಸುತ್ತ ಕೂತಿದ್ದವು. ಚೇತನಾಳ ಅಂಕಪಟ್ಟಿ ಆಚೆ ಹೋಗಲು ಬಾಗಿಲಲ್ಲಿ ಜಾಗವೇ ಇರಲಿಲ್ಲ. 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂದು ನಮ್ಮಮ್ಮ ನನ್ನನ್ನು ಬೈಯುವುದು ಸುಮ್ಮನೆ ಅಲ್ಲ.

ಐದಾಗಲು ಸ್ವಲ್ಪವೇ ಉಳಿದಿತ್ತು. ಭಾಗವ್ವ ಗೋಡೆಯ ದೇವರ ಪಟ ನೋಡುತ್ತಿದ್ದರು, ತಜ್ಞನ ಮುಖವನ್ನಲ್ಲ. ಚೇತನಾ ಕೂತಿದ್ದ ಕಂಪ್ಯೂಟರಿನಲ್ಲಿ ಹಂಚುವುದನ್ನು ನಿಲ್ಲಿಸಿದೆ. ಉಳಿದವುಗಳ ಸೆಟ್ಟಿಂಗ್ ಬದಲಿಸಲು ಹೊತ್ತೆಲ್ಲಿ? ಮೇಜಿನಡಿ ನುಗ್ಗಿ ಒಂಬತ್ತರ ನೆಟ್ ವೈರನ್ನೂ ಕಿತ್ತೆ. ಏಳಲು ಹೋಗಿ ತಲೆ ಮೇಜಿಗೆ ಬಡಿಯಿತು.

"ಹೋತ್ರೀ ಅಣ್ಣಾ! ಹೋತು!" ಮೇಲೆ ಚೇತನಾ ಕೂಗಿದಳು.

ಅಲ್ಲೇ ಕೂತು ಕಣ್ಣೊರೆಸಿಕೊಂಡೆ. ಪೆಟ್ಟಾಯಿತು, ಅದಕ್ಕೆ ಎಂದೆ. ಫೋನಿನಲ್ಲಿ ಮುನಿರಾಜು ಇನ್ನೂ "ಫೋಟೋ ಬಂದಿಲ್ಲ ಸಾರ್" ಅನ್ನುತ್ತಿದ್ದ.

"ಬರಲ್ಲ ಬಿಡು ಮಾರಾಯ, ತಪ್ಪು ನಂದೇ."

ಹೊರಡುವಾಗ ಭಾಗವ್ವ ಅಂಗಡಿಯನ್ನು ಒಮ್ಮೆ ನೋಡಿ, "ಅಣ್ಣಾರ, ನಮ್ಮ ಕೆಲಸ ಒಂದರಾಗ ಮುಗೀತು. ಉಳಿದವು ಯಾರಿಗ್ರಿ?" ಎಂದರು. ಕುಹಕವಿರಲಿಲ್ಲ, ನಿಜವಾಗಿಯೂ ಕೇಳಿದ್ದರು.

ಮರುದಿನ ಊದುಬತ್ತಿ ಹಚ್ಚಿ ಒಂದನ್ನೇ ಆನ್ ಮಾಡಿದೆ. ವರ್ಷಗಳಿಂದ ಖಾಲಿಯಿದ್ದ ಒಂಬತ್ತು ಕುರ್ಚಿಗಳು ಅವತ್ತೇ ನನಗೆ ಖಾಲಿ ಕಂಡದ್ದು. ತಡೆಯಲಾಗಲಿಲ್ಲ. ಲಕ್ಷ್ಮಿಗೆ ಇರಲಿ ಎಂದು ಇನ್ನೊಂದನ್ನೂ ಆನ್ ಮಾಡಿದೆ. ಅದಕ್ಕೆ ನೆಟ್ ವೈರು ಮಾತ್ರ ಚುಚ್ಚಲಿಲ್ಲ.