ಹೆಣ್ಣು ನೋಡಲು ಬಂದವರಿಗೆ ಹೇಳದ ಬ್ಯಾಂಕಾಕ್

ಬ್ಯಾಂಕಾಕಿನಲ್ಲಿ ನಾಲ್ಕು ವರ್ಷ ಇದ್ದೆ ಎಂದರೆ ಚಾಮರಾಜಪೇಟೆಯ ಗಂಡಸರು ಕಣ್ಣು ಹೊಡೆಯುತ್ತಾರೆ. ಹೆಂಗಸರು ಅಲ್ಲಿ ಊಟಕ್ಕೆ ಏನು ಮಾಡುತ್ತಿದ್ದಿರಿ ಎಂದು ಕೇಳಿ, ಉತ್ತರ ಬರುವ ಮೊದಲೇ ಮೂಗು ಮುಚ್ಚಿಕೊಳ್ಳುತ್ತಾರೆ. ತೊಂಬತ್ತಮೂರರಲ್ಲಿ ವಾಪಸು ಬಂದಾಗಿನಿಂದ ಮೂರನೆಯ ಪ್ರಶ್ನೆಯೊಂದನ್ನು ಯಾರೂ ಕೇಳಿರಲಿಲ್ಲ. ಕಣ್ಣು ಹೊಡೆದವರಲ್ಲಿ ಹೈಸ್ಕೂಲಿನಲ್ಲಿ ನನಗೆ ಬೀಜಗಣಿತ ಕಲಿಸಿದ ಮೇಷ್ಟರೂ ಒಬ್ಬರು.

ಅಲ್ಲಿದ್ದ ನಮ್ಮವರು ಇವರಿಗಿಂತ ಮೇಲೇನಲ್ಲ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದ ನಾನು ಊರ ಹೊರಗಿನ ಒಂದು ಬಟ್ಟೆ ಗಿರಣಿಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದೆ. ಹೆಂಡತಿ, ಮಗಳು ಇಲ್ಲೇ ಇದ್ದರು. ಭಾನುವಾರ ಹತ್ತು ಹನ್ನೆರಡು ಜನ ಭಾರತೀಯರು ಯಾರದಾದರೂ ಮನೆಯಲ್ಲಿ ಸೇರಿ, ಇಡ್ಲಿ ತಿನ್ನುತ್ತಾ ಆ ದೇಶದ ಜನರನ್ನು ಬೈಯುತ್ತಿದ್ದೆವು. ಸೋಮಾರಿಗಳು, ಸುಮ್ಮನೆ ನಗುತ್ತಾರೆ, ಮೀನಿನ ವಾಸನೆ, ಬುದ್ಧನನ್ನು ಕೊಟ್ಟಿದ್ದೇ ನಾವು. ಹೀಗೆ ಬೈಯುವವರಲ್ಲಿ ಒಬ್ಬನಿಗಾದರೂ ಆ ಭಾಷೆಯಲ್ಲಿ ಎರಡು ವಾಕ್ಯ ಜೋಡಿಸಲು ಬರುತ್ತಿರಲಿಲ್ಲ. ನಾನು ಕಲಿತಿದ್ದು ಅಂಕಿಗಳು, ಬಣ್ಣಗಳ ಹೆಸರು ಮತ್ತು ಕೆಲಸದವರನ್ನು ಗದರಿಸಲು ಬೇಕಾದ ನಾಲ್ಕು ಮಾತು. ಅಷ್ಟಕ್ಕೇ ಆ ದೇಶ ನನಗೆ ಅರ್ಥವಾಗಿದೆ ಎಂದುಕೊಂಡಿದ್ದೆ.

ಎರಡು ಸಾವಿರದ ಆರರಲ್ಲಿ ಅಲ್ಲಿ ಸೈನ್ಯ ಮತ್ತೆ ಅಧಿಕಾರ ಹಿಡಿಯಿತು. ಹುಡುಗಿಯರು ಸೈನಿಕರಿಗೆ ಹೂ ಕೊಡುವ, ಅಪ್ಪ ಅಮ್ಮಂದಿರು ಮಕ್ಕಳನ್ನು ಟ್ಯಾಂಕಿನ ಪಕ್ಕ ನಿಲ್ಲಿಸಿ ಫೋಟೋ ತೆಗೆಸುವ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಗಾಂಧಿಬಜಾರಿನ ಹೋಟೆಲುಗಳಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬೈಟು ಕಾಫಿ ಕುಡಿಯುವವರಿಗೆ ಹಬ್ಬ. ‘ನೋಡಿದ್ರಾ, ಒಂದು ಗುಂಡು ಹಾರಿಲ್ಲ. ನಮ್ಮ ದೇಶಕ್ಕೂ ಇದೇ ಮದ್ದು.’ ಅರ್ಧ ಲೋಟ ಕಾಫಿಗೆ ಅವರಿಗೊಬ್ಬ ಪೂರ್ತಿ ಸರ್ವಾಧಿಕಾರಿ ಬೇಕಾಗಿತ್ತು. ಸಿಲಿಂಡರ್ ಎರಡು ದಿನ ತಡವಾದರೆ ಕಚೇರಿಗೆ ನುಗ್ಗಿ ಮೇಜು ಗುದ್ದುವ ಜನ ಇವರು. ಶಿಸ್ತು ಬೇಕಾಗಿದ್ದುದು ಉಳಿದವರಿಗೆ.

ಅದೇ ಸಮಯಕ್ಕೆ ನಮ್ಮ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಗೊತ್ತಾಗಿತ್ತು. ಶಾಸ್ತ್ರವೆಂಬುದು ಬರೀ ಹೆಸರಿಗೆ. ಮಗಳೂ ಹುಡುಗನೂ ಶೇಷಾದ್ರಿಪುರದ ಒಂದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಎರಡು ವರ್ಷದಿಂದ ಒಬ್ಬರನ್ನೊಬ್ಬರು ಸಾಕಷ್ಟು ನೋಡಿಯಾಗಿತ್ತು. ಆದರೆ ಹುಡುಗನಿಗೆ ತಂದೆ ಇರಲಿಲ್ಲ. ಮಲ್ಲೇಶ್ವರದ ಆ ಮನೆಯಲ್ಲಿ ಅವನ ದೊಡ್ಡಪ್ಪನ ಮಾತೇ ಕೊನೆಯ ಮಾತು. ಸರ್ಕಾರಿ ಇಲಾಖೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರು ಒಪ್ಪಿದರೆ ಮದುವೆ, ಇಲ್ಲದಿದ್ದರೆ ಇಲ್ಲ.

ನನ್ನ ಹೆಂಡತಿಗೆ ಅವರಿಗಿಂತ ಹೆಚ್ಚಾಗಿ ನನ್ನ ಭಯ. ಹಿಂದೆ ಬಂದಿದ್ದ ಸಂಬಂಧವೊಂದು ನನ್ನ ಬಾಯಿಂದಲೇ ಹೋಗಿತ್ತು. ಆ ಹುಡುಗನ ತಂದೆ, ಬಾಗ್ದಾದಿನ ಮೇಲೆ ಬಾಂಬು ಬೀಳುವುದನ್ನು ಟೀವಿಯಲ್ಲಿ ನೋಡಿದ್ದನ್ನು ನೆನೆದು, ‘ಒಳ್ಳೇ ದೀಪಾವಳಿ ಥರ ಇತ್ತು ಕಣ್ರೀ’ ಎಂದಿದ್ದರು. ‘ನಿಮ್ಮ ತಾರಸಿ ಮೇಲೆ ಬಿದ್ದಿದ್ರೆ ಇನ್ನೂ ಚೆನ್ನಾಗಿ ಕಾಣ್ತಿತ್ತು’ ಎಂದುಬಿಟ್ಟಿದ್ದೆ. ತಟ್ಟೆಯಲ್ಲಿ ಬೋಂಡ ಹಾಗೇ ಉಳಿಯಿತು.

‘ಈ ಸಲ ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ’ ಎಂದಳು. ‘ಅವರು ಏನಾದ್ರೂ ಹೇಳ್ಲಿ, ನೀವು ಹೂಂ ಅನ್ನಿ. ನೀವು ಬಾಯಿ ಮುಚ್ಚಿಕೊಂಡಿದ್ರೂ ಪ್ರಪಂಚ ನಡಿಯತ್ತೆ.’

ಆಣೆ ಮಾಡಿದೆ.

ಪಿತೃಪಕ್ಷ ಕಳೆದು, ದಸರೆ ಮುಗಿದ ಮೇಲಿನ ಭಾನುವಾರ ಅವರು ಬಂದರು. ಹುಡುಗ, ಅವನ ತಾಯಿ, ದೊಡ್ಡಪ್ಪ. ದೊಡ್ಡಪ್ಪ ನಮ್ಮ ಒಳ್ಳೆಯ ಕುರ್ಚಿಯಲ್ಲಿ ಕೂತು, ಮನೆ ಬಾಡಿಗೆಯದೋ ಸ್ವಂತದ್ದೋ ಎಂದು ವಿಚಾರಿಸಿದರು. ಕಾಟನ್‌ಪೇಟೆಯ ಬಟ್ಟೆ ಮಂಡಿಯಲ್ಲಿ ನನ್ನ ಕೆಲಸವೇನೆಂದು ಕೇಳಿ, ಉತ್ತರಕ್ಕೆ ಕಾಯದೆ ಕೇಸರಿಬಾತಿನ ಗೋಡಂಬಿಗಳನ್ನು ಒಂದು ಪಕ್ಕಕ್ಕೆ ಸರಿಸಿ ಇಟ್ಟುಕೊಂಡರು. ಕೊನೆಗೆ ತಿನ್ನಲೆಂದು.

‘ನೀವು ಬ್ಯಾಂಕಾಕಿನಲ್ಲಿದ್ರಂತೆ’ ಎಂದರು. ಕಣ್ಣು ಹೊಡೆಯಲಿಲ್ಲ, ಹೆಂಗಸರಿದ್ದರಲ್ಲ. ‘ಈಗ ನೋಡಿ ಸ್ವಾಮಿ, ಹೆಂಗೆ ಸರಿ ಮಾಡಿದ್ರು! ಜನ ಹೂ ಕೊಟ್ರು, ಹೂ!’

‘ಹೂಂ’ ಎಂದೆ.

‘ನಮ್ಮಲ್ಲೂ ಒಂದೈದು ವರ್ಷ ಮಿಲಿಟರಿ ಬರ್ಬೇಕು. ಎಲ್ಲ ಸೆಟ್ ಆಗೋಗತ್ತೆ. ಏನಂತೀರಿ?’

‘ಹೂಂ.’

‘ಹಿಂದೆ ಒಂದ್ಸಲ ಅಲ್ಲಿ ಶೂಟಿಂಗೂ ಆಗಿತ್ತಲ್ವಾ? ತೊಂಬತ್ತೆರಡರಲ್ಲಿ? ನೀವು ಅಲ್ಲೇ ಇದ್ರಾ?’

ವಾಪಸು ಬಂದ ಹದಿಮೂರು ವರ್ಷದಲ್ಲಿ ಮೂರನೆಯ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಮಗಳು.

‘ಇದ್ದೆ’ ಎಂದೆ.

‘ಸತ್ತೋರೆಲ್ಲ ರೌಡಿಗಳಂತೆ. ಸಾಯಬೇಕಾದೋರೇ ಸತ್ರು ಅಂತ ಎಲ್ಲೋ ಓದಿದ್ದೆ. ಹೌದಾ?’

ಅವರು ಗೋಡಂಬಿಯೊಂದನ್ನು ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದರು. ಹುಡುಗನೂ ನೋಡಿದ. ಹೆಂಡತಿ ಕಣ್ಣು ಮುಚ್ಚಿದ್ದಳು.

‘ಇರಬಹುದು’ ಎಂದೆ.

ಸಂಬಂಧ ಕುದುರಿತು. ಹೋಗುವಾಗ ಅವರು ನನ್ನ ಹೆಂಡತಿಗೆ, ‘ನಿಮ್ಮ ಯಜಮಾನರು ತೂಕದ ಮನುಷ್ಯ’ ಎಂದು ಹೇಳಿ ಹೋದರಂತೆ.

ಸಂಜೆ ಹಿತ್ತಲಿನ ಕಲ್ಲಿನ ಮೇಲೆ ಮಗಳು ಲೋಟಗಳನ್ನು ತೊಳೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: ‘ಅಪ್ಪ, ಅವರು ನಿಜವಾಗ್ಲೂ ರೌಡಿಗಳಾ?’

ಅವಳಮ್ಮನಿಗೂ ಪೂರ್ತಿ ಹೇಳಿರಲಿಲ್ಲ. ‘ಗಲಾಟೆ ನೋಡಿದೆ, ಓಡಿದೆ’ ಎಂದಷ್ಟೇ ಹೇಳಿದ್ದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಮಗಳಿಗೆ ಹೇಳಿದೆ.

ಮೇ ತಿಂಗಳ ಒಂದು ಮಧ್ಯಾಹ್ನ. ಬಣ್ಣ ಹಾಕಿದ ಬಟ್ಟೆಚೂರುಗಳನ್ನು ಅಂಟಿಸಿದ ಮಾದರಿ ರಟ್ಟುಗಳನ್ನು ತೋರಿಸಲು ಗಿರಣಿಯಿಂದ ಪಾಹುರತ್‌ಗೆ ಹೋಗಿದ್ದೆ. ಅದು ನಮ್ಮ ಕಾಟನ್‌ಪೇಟೆಯಂಥ ಬಟ್ಟೆಪೇಟೆ, ವ್ಯಾಪಾರಿಗಳಲ್ಲಿ ಬಹಳಷ್ಟು ಜನ ಭಾರತೀಯರು. ಅಂಗಡಿಯವನು ಷಟರ್ ಅರ್ಧ ಇಳಿಸಿದ್ದ. ಹಿಂದಿನ ದಿನದಿಂದ ಜನ ಸೈನಿಕರ ಸರ್ಕಾರದ ವಿರುದ್ಧ ಬೀದಿಗಿಳಿದಿದ್ದಾರೆ, ಮನೆಗೆ ಹೋಗು ಎಂದ. ಬಸ್ಸು ಇರಲಿಲ್ಲ. ಸ್ವಲ್ಪ ದೂರದಲ್ಲಿ ಜನ ಸೇರಿದ್ದ ದೊಡ್ಡ ರಸ್ತೆಯ ಕಡೆಗೆ ನಡೆದೆ. ನೋಡೋಣ ಎಂದು. ಬೆಂಗಳೂರಿನಲ್ಲಿ ಎಷ್ಟು ಬಂದ್ ನೋಡಿಲ್ಲ! ಗಲಾಟೆಗೊಂದು ಕ್ರಮ ಇರುತ್ತದೆಂದು ನನಗೆ ಗೊತ್ತಿತ್ತು. ಮೊದಲು ಕಲ್ಲು, ಆಮೇಲೆ ಲಾಠಿ, ಆಮೇಲೆ ಕಣ್ಣುರಿಯುವ ಹೊಗೆ, ಏನೂ ಆಗದಿದ್ದರೆ ಗಾಳಿಯಲ್ಲಿ ಗುಂಡು. ಮೆಜೆಸ್ಟಿಕ್ ಹತ್ತಿರ ನಿಂತು ಕಡಲೆಕಾಯಿ ತಿನ್ನುತ್ತಾ ಇದೆಲ್ಲವನ್ನೂ ನೋಡಿದ್ದೆ.

ಜನ ಸಾವಿರಗಟ್ಟಲೆ ರಸ್ತೆಯ ಮೇಲೆ ಕೂತಿದ್ದರು. ಅಂಚಿನ ಕಾಲುದಾರಿಯಲ್ಲಿ ಒಬ್ಬ ಗಾಡಿಯಲ್ಲಿ ಐಸ್ ಕಾಫಿ ಮಾರುತ್ತಿದ್ದ. ಪ್ಲಾಸ್ಟಿಕ್ ಚೀಲಕ್ಕೆ ಐಸು ತುಂಬಿ, ಕರೀ ಕಾಫಿ ಸುರಿದು, ಸ್ಟ್ರಾ ಸಿಕ್ಕಿಸಿ, ರಬ್ಬರ್‌ಬ್ಯಾಂಡ್ ಸುತ್ತಿ ಕೊಟ್ಟ. ನನ್ನದೇ ವಯಸ್ಸು. ನನ್ನ ಕೈಯಲ್ಲಿದ್ದ ರಟ್ಟನ್ನು ನೋಡಿ ಒಂದು ಹಸಿರು ಚೂರಿನ ಮೇಲೆ ಬೆರಳಿಟ್ಟು, ಚೆನ್ನಾಗಿದೆ ಎಂದ. ‘ಹಸಿರು’ ಎಂದು ಅವನ ಭಾಷೆಯಲ್ಲಿ ಅವನಿಗೇ ಹೇಳಿಕೊಟ್ಟೆ. ನಕ್ಕ.

ಆಗ ಗುಂಡಿನ ಸದ್ದು ಕೇಳಿತು. ಅವನು ತಕ್ಷಣ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ನನ್ನ ಪ್ಯಾಂಟು ಹಿಡಿದೆಳೆದ. ನಾನು ಕೂರಲಿಲ್ಲ. ಕಲ್ಲಿಲ್ಲ, ಲಾಠಿಯಿಲ್ಲ, ಒಮ್ಮೆಲೇ ಯಾರಾದರೂ ಜನರ ಮೇಲೆ ಹೊಡೆಯುತ್ತಾರೆಯೇ? ನಗುತ್ತಾ ಕೈ ಮೇಲೆತ್ತಿ ಆಕಾಶ ತೋರಿಸಿದೆ. ಮೇಲಕ್ಕೆ ಹೊಡೀತಿದಾರೆ, ಬರೀ ಹೆದರಿಸೋಕೆ. ಅವನು ನನ್ನನ್ನು ನೋಡಿದ. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಓದಿದವನು, ಗೊತ್ತಿದ್ದೇ ಹೇಳುತ್ತಿರಬೇಕು ಅಂದುಕೊಂಡನೋ ಏನೋ, ಗಾಡಿಯ ಅಂಚು ಹಿಡಿದು ಅರ್ಧ ಎದ್ದ.

ಮುಂದೆ ಆದದ್ದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನು ಗಾಡಿಗೆ ಒರಗಿದ, ಐಸಿನ ಡಬ್ಬ ಉರುಳಿತು. ಅವನ ಬನಿಯನ್ನಿನ ಬಣ್ಣ ಬದಲಾಗುತ್ತಿತ್ತು. ರಟ್ಟುಗಳನ್ನು ಬಿಸಾಡಿ ಓಡಿದೆ. ಅವನು ಬದುಕಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಹೋಗಲೂ ಇಲ್ಲ. ಮುಂದಿನ ಭಾನುವಾರ ಇಡ್ಲಿ ತಿನ್ನುತ್ತಾ ನಮ್ಮವರು, ಈ ಜನಕ್ಕೆ ಬುದ್ಧಿಯಿಲ್ಲ, ಮೂರು ದಿನ ವ್ಯಾಪಾರ ಹಾಳಾಯಿತು ಎಂದು ಬೈದರು. ಚಟ್ನಿ ಹಾಕಿಸಿಕೊಂಡೆ.

ಇವತ್ತಿಗೂ ಬೀದಿಯಲ್ಲಿ ಪಟಾಕಿ ಸಿಡಿದರೆ ನನ್ನ ಬಲಗೈ ತಾನಾಗಿ ಅಷ್ಟು ಮೇಲೇಳುತ್ತದೆ. ಬಸ್ಸಿನಲ್ಲಿ ಕೂತಿದ್ದಾಗ, ಸ್ನಾನ ಮಾಡುವಾಗ, ಮನಸ್ಸಿನಲ್ಲೇ ಅವನನ್ನು ಗಾಡಿಯ ಹಿಂದೆಯೇ ಕೂರಿಸಿ ನೋಡುತ್ತೇನೆ. ಕೈಯನ್ನು ಜೇಬಿನಲ್ಲಿಟ್ಟುಕೊಂಡು ನೋಡುತ್ತೇನೆ. ಆ ರಸ್ತೆಗೇ ಹೋಗದೆ ನೋಡುತ್ತೇನೆ. ಪ್ರತಿಸಲವೂ ಅವನು ನನ್ನ ಶರ್ಟು ನೋಡಿ ಏಳುತ್ತಾನೆ.

ಮಗಳು ನಲ್ಲಿ ನಿಲ್ಲಿಸಿದಳು.

‘ಮತ್ತೆ ಅವರ ಹತ್ರ ಯಾಕೆ “ಇರಬಹುದು” ಅಂದೆ?’

‘ನಿನಗೋಸ್ಕರ.’

‘ನನ್ನ ಹೆಸರು ಯಾಕಪ್ಪ ತರ್ತೀಯ? ಹೆದರಿಕೊಂಡೆ ಅಂತ ಹೇಳು.’ ಲೋಟವನ್ನು ಬೋರಲು ಹಾಕಿದಳು. ‘ನಾಳೆ ಹೋಗಿ ಅವರಿಗೆ ಸರಿಯಾಗಿ ಹೇಳಿ ಬಾ.’

‘ಸಂಬಂಧ ಮುರಿದ್ರೆ?’

‘ಮುರಿದ್ರೆ ಮುರೀಲಿ. ನಾನೂ ಅವನೂ ಏನಾದ್ರೂ ಮಾಡ್ಕೋತೀವಿ. ಅಮ್ಮಂಗೆ ಹೇಳ್ಬೇಡ ಅಷ್ಟೆ.’

ಮರುದಿನ ಕೆಲಸಕ್ಕೆ ರಜೆ ಹಾಕಿ ಮಲ್ಲೇಶ್ವರಕ್ಕೆ ಹೋದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸುವಾಗ ವಾಪಸು ಹೋಗಿಬಿಡೋಣ ಎಂದು ಎರಡು ಬಸ್ಸು ಬಿಟ್ಟೆ. ಹೆಂಡತಿಯ ತಲೆಯ ಮೇಲಿನ ಆಣೆ, ಮಗಳ ಮದುವೆ, ಎರಡನ್ನೂ ಕೈಯಾರೆ ಹಾಳುಮಾಡಲು ಹೊರಟಿದ್ದೆ. ಮೂರನೆಯ ಬಸ್ಸು ಹತ್ತಿದೆ.

ದೊಡ್ಡಪ್ಪ ವರಾಂಡದಲ್ಲಿ ಪತ್ರಿಕೆ ಓದುತ್ತಿದ್ದರು. ‘ಓಹೋ, ಬನ್ನಿ ಬೀಗರೇ!’ ಎಂದರು. ನಿಂತುಕೊಂಡೇ ಹೇಳಿದೆ. ನಿನ್ನೆ ಹೇಳಿದ್ದು ಸುಳ್ಳು, ರೌಡಿಗಳಲ್ಲ, ಕಾಫಿ ಮಾರುವವನೊಬ್ಬ ನನ್ನ ಕಣ್ಣೆದುರಿಗೇ ಬಿದ್ದ, ನನ್ನ ಮಾತು ನಂಬಿ ಎದ್ದವನು. ಒಂದನ್ನೂ ಬಿಡದೆ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ ಕೇಳಿಸಿಕೊಂಡರು. ಒಂದು ಕ್ಷಣ ಅವರಿಗೆ ತಾಗಿತೆಂದೇ ಅಂದುಕೊಂಡೆ.

‘ಅದೇ ಸ್ವಾಮಿ ನಾನೂ ಹೇಳೋದು’ ಎಂದರು. ‘ಜನ ಮನೇಲಿರ್ಬೇಕು. ಕಾಫಿ ಮಾರೋನಿಗೆ ಅಲ್ಲೇನು ಕೆಲಸ?’

‘ಕಾಫಿ ಮಾರೋ ಕೆಲಸ’ ಎಂದೆ.

‘ಹ್ಹ! ಒಳ್ಳೇ ತಮಾಷೆ ಮಾಡ್ತೀರಿ. ನಿನ್ನೆ ಬಾಯೇ ಬಿಟ್ಟಿರ್ಲಿಲ್ಲ, ಏನಪ್ಪ ಇವರು ಮೂಗರಾ ಅಂತ ನಮ್ಮ ತಮ್ಮನ ಹೆಂಡ್ತಿ ಕೇಳಿದ್ರು.’ ಒಳಗೆ ಕೂಗಿದರು: ‘ಬೀಗರು ಬಂದಿದಾರೆ, ಕಾಫಿ ತನ್ನಿ!’

ನಾನು ಮತ್ತೊಮ್ಮೆ ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು.

‘ಆಯ್ತು ಬಿಡಿ, ನೀವೇನು ಬೇಕು ಅಂತ ಮಾಡಿದ್ರಾ? ಎಲ್ಲೋ ಯಾವುದೋ ದೇಶ. ಮದುವೆ ಮನೇಲಿ ಮಾತ್ರ ಇದೆಲ್ಲ ತೆಗೀಬೇಡಿ.’ ಪತ್ರಿಕೆಯ ಅಂಚಿನಲ್ಲಿ ಬರೆಯಲು ಪೆನ್ನು ತೆಗೆದರು. ‘ಈಗ ಮುಖ್ಯವಾದ್ದು ಹೇಳಿ. ಊಟಕ್ಕೆ ಹೋಳಿಗೆ ಕಾಯಿದು ಮಾಡಿಸ್ತೀರೋ, ಬೇಳೇದೋ?’

ಹದಿನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿಯೂ ಏನೂ ಮುರಿಯಲಿಲ್ಲ. ಒಳಗಿನಿಂದ ಕಾಫಿ ಬಂತು. ಎರಡು ಲೋಟ. ಅವರು ಪೆನ್ನು ಹಿಡಿದು ಕಾಯುತ್ತಿದ್ದರು.

‘ಬೇಳೇದು’ ಎಂದೆ.