ಚಿತ್ರದ ಮಂಡಿಗೆ ಕುಂಕುಮ

ನೋಯುವ ನನ್ನ ಮಂಡಿಯನ್ನು ಪೆನ್ಸಿಲ್‌ನಲ್ಲಿ ಬರೆದು, ಮೂಳೆ ಇರುವ ಜಾಗಕ್ಕೆ ನನ್ನದೇ ಹಳೇ ಎಕ್ಸ್‌ರೇ ಕತ್ತರಿಸಿ ಅಂಟಿಸಿದ್ದೆ. ಮರುದಿನ ಬೇಲೂರಿನಲ್ಲಿ ಚಿತ್ರಪ್ರದರ್ಶನ. ಗಾಜು ಹಾಕಿಸದ ಆ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಅರಸೀಕೆರೆಯಲ್ಲಿ ಬಸ್ ಹತ್ತಿದೆ. ಪಕ್ಕದ ಸೀಟಿನಲ್ಲಿ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತಿ, ದೇವರ ದರ್ಶನ ಮಾಡಿ ಇಳಿದು ಬಂದಿದ್ದ ಅಜ್ಜಿ.

“ಯಾರ ಕಾಲವ್ವ ಇದು?”

“ನಂದೇ ಅಜ್ಜಿ.”

“ನೋವೈತಾ?”

“ಮೆಟ್ಟಿಲು ಕಂಡರೆ ಜೀವ ಹೋಗುತ್ತೆ.”

ಅಜ್ಜಿ ಸೆರಗಿನ ಗಂಟು ಬಿಚ್ಚಿ, ಪ್ರಸಾದದ ಕುಂಕುಮ ತೆಗೆದು, ನಾನು ಬೇಡ ಅನ್ನುವಷ್ಟರಲ್ಲಿ ಚಿತ್ರದ ಮಂಡಿಗೆ ಒತ್ತಿಯೇಬಿಟ್ಟರು.

“ಅಯ್ಯೋ ಅಜ್ಜಿ, ನಾಳೆ ಇದನ್ನ ನೋಡೋಕೆ ಜನ ಬರ್ತಾರೆ!”

“ಬರ್ಲಿ ಬಿಡು. ಬಸ್ಸಲ್ಲಿ ನಿನ್ ಸೀರೆ ಎತ್ತಿ ಹಚ್ಚಕ್ಕಾಯ್ತದಾ? ವಾಸಿಯಾದ್ರೆ ಬೆಟ್ಟ ಹತ್ತಿ ಬತ್ತಾಳೆ ಅಂತ ನಿನ್ ಪರವಾಗಿ ಹರಕೆನೂ ಕಟ್ಕಂಡಿದೀನಿ” ಎಂದು ಹಳೇಬೀಡಿನಲ್ಲಿ ಇಳಿದೇ ಹೋದರು.

ರಬ್ಬರ್ ಹಾಕಿ ಉಜ್ಜಿದರೆ ಕೆಂಪು ಇನ್ನಷ್ಟು ಹರಡಿತು. ಹೊಸದು ಬರೆಯಲು ಹೊತ್ತಿರಲಿಲ್ಲ. ಕೊನೆಗೆ, ಯಾವುದರಿಂದ ಮಾಡಿದ್ದು ಎಂದು ಚಿತ್ರದ ಕೆಳಗೆ ಅಂಟಿಸುವ ಚೀಟಿಯಲ್ಲಿ ಪೆನ್ಸಿಲ್, ಎಕ್ಸ್‌ರೇ ಜೊತೆಗೆ ‘ಮಾಲೇಕಲ್ಲಿನ ಕುಂಕುಮ’ ಎಂದೂ ಸೇರಿಸಿ ತೂಗುಹಾಕಿದೆ. ನೋಡಲು ಬಂದ ಒಂದಿಬ್ಬರು ಚಪ್ಪಲಿ ಬಿಟ್ಟು ನಿಂತರು.

ಈಚೆಗೆ ಮಂಡಿನೋವು ನಿಜಕ್ಕೂ ಕಡಿಮೆಯಾಗಿದೆ. ಹರಕೆಯ ಕಥೆ ಗೊತ್ತಿರುವ ಮನೆಯವರಿಗೆ ಇದನ್ನು ಹೇಳಿಲ್ಲ. ಹೇಳಿದರೆ ಬೆಟ್ಟ ಹತ್ತಬೇಕು.