ಕುಂಬಳದ ಬಳ್ಳಿಯ ಗಂಡು ಹೂವು

ಹೋದ ತಿಂಗಳೆಲ್ಲ ನನ್ನ ದಿನಚರಿ ಒಂದೇ ಥರ. ಬೆಳಗ್ಗೆ ಏಳುವುದು, ಮುಖ ತೊಳೆಯುವುದು, ಹಿತ್ತಲಿಗೆ ಹೋಗಿ ಗಂಡಸರನ್ನು ಕಿತ್ತು ಒಗೆಯುವುದು.

ಗಾಬರಿಯಾಗಬೇಡಿ. ನಮ್ಮ ಯಜಮಾನರು ಕ್ಷೇಮವಾಗಿದ್ದಾರೆ. ಇದನ್ನು ಬರೆಯುವಾಗ ಪಕ್ಕದಲ್ಲೇ ಕೂತು ಶೇಂಗಾ ಒಡೆದು ತಿನ್ನುತ್ತಿದ್ದಾರೆ. ನಾನು ಕಿತ್ತದ್ದು ಕುಂಬಳದ ಬಳ್ಳಿಯ ಗಂಡು ಹೂವುಗಳನ್ನು. ಅದೂ ಎಲ್ಲ ಬಲ್ಲವಳ ಠೀವಿಯಲ್ಲಿ.

ನಿಮಗೆ ನೆನಪಿರಬಹುದು. ಮಳೆಗಾಲ ಶುರುವಾಗುವ ಹೊತ್ತಿಗೆ ಇದೇ ಅಂಕಣದಲ್ಲಿ ಘೋಷಣೆ ಮಾಡಿದ್ದೆ: ಈ ವರ್ಷ ನಮ್ಮ ಮನೆಯ ಕಾಯಿಪಲ್ಯ ನಮ್ಮ ಹಿತ್ತಲಲ್ಲೇ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳಿಗೆ ಇದೆಲ್ಲ ಯಾಕೆ ಎಂದು ಕೆಲವರು ಕೇಳಿದ್ದಿರಿ. ರಾಣೆಬೆನ್ನೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ಸುತ್ತಲ ಹೊಲದವರೆಲ್ಲ ಊರೂರಿಗೆ ಬೀಜ ಬೆಳೆದು ಕಳಿಸುತ್ತಾರೆ. ನನಗೊಂದು ಕಾಯಿ ಬೆಳೆಯಲಾಗುವುದಿಲ್ಲವೇ?

ಆಗುತ್ತದೆ. ಧಾರಾಳವಾಗಿ ಆಗುತ್ತದೆ. ಮೊದಲ ಸಲ ಹಿತ್ತಲಿಗೆ ಕೈ ಹಚ್ಚುವವರಿಗೆ ನನ್ನ ಸಲಹೆ ಇಷ್ಟೇ: ಮೆಂತ್ಯದಿಂದ ಶುರು ಮಾಡಿ. ಮೆಂತ್ಯ ಯಾರ ಮರ್ಯಾದೆಯನ್ನೂ ಕಳೆಯುವುದಿಲ್ಲ. ಬೀಜ ಚೆಲ್ಲಿ ಮಣ್ಣು ಕೆದರಿ ನೀರು ಚಿಮುಕಿಸಿದರೆ ವಾರ ಕಳೆಯುವುದರೊಳಗೆ ಹಸಿರು ಕಾಣುತ್ತದೆ. ನಿಮ್ಮ ಧೈರ್ಯ ಅಲ್ಲಿಂದ ಚಿಗುರುತ್ತದೆ. ಬಚ್ಚಲ ನೀರು ಹರಿಯುವ ಕಡೆ ರಾಜಗಿರಿ ಹಾಕಿ. ಬದನೆಗೆ ನುಸಿ ಬಿದ್ದರೆ ಒಲೆಯ ಬೂದಿ ಎರಚಿ. ಬ್ಯಾಡಗಿ ಮೆಣಸಿನಕಾಯಿಯ ಬೀಜವನ್ನು ನಾನು ಅಡಿಗೆಮನೆಯ ಡಬ್ಬಿಯಿಂದಲೇ ತೆಗೆದು ಚೆಲ್ಲಿದ್ದೆ. ಗಿಡ ಬಂತು, ಕಾಯಿಯೂ ಬಂತು. (ಬ್ಯಾಡಗಿಯ ಓದುಗರು ನಗಬಾರದು. ಕೆಂಪಾಗುವ ಮೊದಲೇ ಎಲ್ಲವೂ ಒಗ್ಗರಣೆಗೆ ಹೋದವು.)

ಇಷ್ಟಾದ ಮೇಲೆ ಸೊಕ್ಕು ಬರದೆ ಇರುತ್ತದೆಯೇ? ಕುಂಬಳ ಹಚ್ಚಿದೆ.

ಕುಂಬಳ ಹಬ್ಬುವ ವೇಗವನ್ನು ನೀವು ನೋಡಬೇಕು. ತಿಪ್ಪೆಗೊಬ್ಬರ ಬಿದ್ದದ್ದೇ ತಡ, ಹಿತ್ತಲು ದಾಟಿತು, ನಡುಗೋಡೆ ಹತ್ತಿತು, ಪಕ್ಕದ ಗಂಗವ್ವನವರ ತಗಡಿನ ಮೇಲೆ ಕಾಲು ಚಾಚಿ ಮಲಗಿತು. ಹಳದಿ ಹೂವುಗಳ ಜಾತ್ರೆ. ಆಗ ನನಗೆ ನನ್ನ ತಮ್ಮ ಬಸುವಿನ ಮಾತು ನೆನಪಾಯಿತು.

ಬಸು ಹಲಗೇರಿಯಲ್ಲಿರುತ್ತಾನೆ. ಕಂಪನಿಯೊಂದಕ್ಕೆ ಸೌತೆ, ಹೀರೆ ಬೀಜ ಬೆಳೆದು ಕೊಡುತ್ತಾನೆ. ಅವನ ಹೊಲಕ್ಕೆ ಹೊಲ ಎಂದರೆ ಅವನಿಗೆ ಸಿಟ್ಟು, 'ಪ್ಲಾಟ್' ಎನ್ನಬೇಕು. ನಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ ಅದೇ ಮಾತು. "ಗಂಡು ಹೂ ಮುಂಜಾನೆದ್ದು ಕಿತ್ತ ಒಗೀಬೇಕು. ಒಂದು ಗಂಡು ಉಳೀತಂದ್ರ ಪ್ಲಾಟ್ ಫೇಲ್." ಈ ಮಾತನ್ನು ಎಷ್ಟು ಸಲ ಕೇಳಿದ್ದೆನೆಂದರೆ ನನಗೆ ಅದು ಮಗ್ಗಿಯಂತೆ ಬಾಯಿಪಾಠ. ನಮ್ಮೂರಲ್ಲಿ ಬಸ್ಸಿನಲ್ಲಿ ಕೂತರೂ ಇದೇ ಕೇಳುತ್ತದೆ. ಗಂಡು ಕಿತ್ತರೇನ್ರಿ? ಗಂಡು ಕೀಳಾಕ ಆಳು ಸಿಕ್ಕರೇನ್ರಿ? ಹೊರ ಊರಿನವರು ಕೇಳಿದರೆ ಪೊಲೀಸರಿಗೆ ಹೇಳಿಯಾರು.

ಹಾಗಾಗಿ ನಾನೂ ಕಿತ್ತೆ. ಗಂಡು ಹೂವನ್ನು ಗುರುತಿಸುವುದು ಸುಲಭ. ಉದ್ದ ತೊಟ್ಟು, ಬುಡದಲ್ಲಿ ಏನೂ ಇರುವುದಿಲ್ಲ. ಹೆಣ್ಣು ಹೂವಿನ ಕೆಳಗೆ ಗೋಲಿಯಷ್ಟು ಪುಟ್ಟ ಕುಂಬಳ ಮೊದಲೇ ಕೂತಿರುತ್ತದೆ. ಒಂದು ಗಂಡನ್ನೂ ಉಳಿಸಲಿಲ್ಲ.

ಈ ಕೆಲಸದಲ್ಲಿ ನನಗೆ ಜೊತೆಯಾದವಳು ಗಂಗವ್ವನವರ ಸೊಸೆ ಸುಮಾ. ಅವಳ ತವರು ಕುಪ್ಪೇಲೂರು, ಬಳ್ಳಿ ಬದುಕು ಕಂಡವಳು. ಗೋಡೆಯ ಆ ಕಡೆಯಿಂದ ಬಳ್ಳಿಗೆ ಕೋಲು ಕಟ್ಟಿದವಳು ಅವಳೇ, ನೀರು ಹಾಕಿದವಳೂ ಅವಳೇ. (ಹೆಸರುಗಳನ್ನು ಬದಲಿಸಿದ್ದೇನೆ. ಬರೆಯಲೇ ಎಂದು ಅವಳನ್ನು ಕೇಳಿದ್ದೇನೆ. "ಬರೀರಿ ಅಕ್ಕಾರ" ಅಂದಳು. ಗಂಗವ್ವನವರು ಪೇಪರು ಓದುವುದಿಲ್ಲ, ಆದರೆ ಅವರಿಗೆ ಓದಿ ಹೇಳುವವರು ಓಣಿ ತುಂಬ ಇದ್ದಾರೆ.)

ಪುಟ್ಟ ಕುಂಬಳಗಳು ಹುಟ್ಟುತ್ತಿದ್ದವು. ಹೂವು ಬಾಡುತ್ತಿತ್ತು, ಕಾಯಿ ಹಳದಿಯಾಗುತ್ತಿತ್ತು, ಉದುರುತ್ತಿತ್ತು. ದಿನಾ ಇದೇ ಗೋಳು.

ಕಾರಣ ಹೇಳುವವರಿಗೆ ಬರವೇ? ಕಾಯಿಪಲ್ಯ ಮಾರುವ ದಾದಾಪೀರ್ ಗಾಡಿ ನಿಲ್ಲಿಸಿ, "ಅಕ್ಕಾರ, ನೀವು ಬೆರಳು ಮಾಡಿ ತೋರ್ಸೀರಿ. ಹೀಚಿಗೆ ಬೆರಳು ತೋರ್ಸಿದ್ರ ಕೊಳೀತೈತಿ, ಮುಷ್ಟಿ ಮಾಡಿ ತೋರಿಸ್ಬೇಕು" ಅಂದ. ನಮ್ಮ ಯಜಮಾನರು ದೃಷ್ಟಿಯಾಗಿದೆ ಎಂದು ತಮ್ಮ ಹಳೇ ಚಪ್ಪಲಿಯನ್ನು ಬಳ್ಳಿಗೆ ಕಟ್ಟಿದರು. ನಾನು ಗೊಬ್ಬರ ಇನ್ನಷ್ಟು ಹಾಕಿದೆ. ಬಳ್ಳಿ ಇನ್ನಷ್ಟು ಹಬ್ಬಿತು. ಕಾಯಿ ಮಾತ್ರ ಹಿಡಿಯಲಿಲ್ಲ.

ಗಂಗವ್ವನವರು ಮಾತ್ರ ಕಾರಣ ಹುಡುಕುವ ಗೋಜಿಗೆ ಹೋಗಲಿಲ್ಲ. ಒಂದು ಮುಂಜಾನೆ ಗೋಡೆಯ ಮೇಲಿಂದ ತೀರ್ಪು ಕೊಟ್ಟರು.

"ಅಕ್ಕಾರ, ಆ ಬಳ್ಳಿ ಕಿತ್ತ ಒಗೀರಿ. ನೀರು, ಗೊಬ್ಬರ ತಿಂದು ಸೊಕ್ಕೇತಿ. ತಿನ್ನೂದೊಂದ ಗೊತ್ತು, ಕಾಯಿ ಬಿಡೂದು ಗೊತ್ತಿಲ್ಲ. ಬಂಜಿ ಬಳ್ಳಿ ಮನಿ ಹತ್ರ ಇರಬಾರದ್ರಿ. ಕಿತ್ತು ಬ್ಯಾರೇ ಹಚ್ರಿ."

ಅಲ್ಲೇ ಸುಮಾ ಬಟ್ಟೆ ಹಿಂಡುತ್ತಿದ್ದಳು. ತಲೆ ಎತ್ತಲಿಲ್ಲ. ಮಾತು ಬಳ್ಳಿಗೆ, ಪೆಟ್ಟು ಸೊಸೆಗೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಸುಮಾ ಮದುವೆಯಾಗಿ ಬಂದು ವರ್ಷಗಳೇ ಆದವು, ಮಕ್ಕಳಾಗಿಲ್ಲ. ದೀಪಾವಳಿಗೆ ತವರಿಗೆ ಕಳಿಸಿ, ಆಮೇಲೆ ಕರೆದುಕೊಂಡು ಬರುವುದು ಬೇಡ ಎಂದು ಗಂಗವ್ವನವರು ನಿಶ್ಚಯ ಮಾಡಿಬಿಟ್ಟಿದ್ದರು. ಮಗನಿಗೆಂದು ಕಾಗಿನೆಲೆ ಕಡೆ ಒಂದು ಹೆಣ್ಣನ್ನು ನೋಡಿಯೂ ಬಂದಿದ್ದರು. ಇದೆಲ್ಲ ಓಣಿಗೆ ಗೊತ್ತಿತ್ತು, ಸುಮಾಳಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ದಿನಾ ನೀರು ಹಾಕುತ್ತಿದ್ದಳು, ಭಕ್ರಿ ಬಡಿಯುತ್ತಿದ್ದಳು, ಅತ್ತೆಯ ಕಾಲು ತಿಕ್ಕುತ್ತಿದ್ದಳು. ಕಿತ್ತು ಬೇರೆ ಹಚ್ಚಿ ಎನ್ನುವ ಮಾತು ಯಾರಿಗೆಂದು ತಿಳಿಯದಷ್ಟು ದಡ್ಡಳಲ್ಲ ಅವಳು.

"ಕಿತ್ತ ಒಗೀತೀರೇನ್ರಿ ಅಕ್ಕಾರ?" ಎಂದು ಅತ್ತೆ ಒಳಗೆ ಹೋದ ಮೇಲೆ ಕೇಳಿದಳು. ದನಿ ಸಣ್ಣಗಿತ್ತು.

"ಹುಚ್ಚಿ, ಯಾಕ ಕೀಳ್ಲಿ? ಇರತೈತಿ" ಅಂದೆ. ಹೇಳುವಾಗ ಗಂಗವ್ವನವರ ಮೇಲೆ ಸಿಟ್ಟು ಬಂತು.

ಮುಂದಿನ ಸಂತೆಯ ದಿನ ಬಸು ಬಂದ. ಚಹಾ ಕುಡಿದು ಹಿತ್ತಲಿಗೆ ಹೋದವನು ಬಳ್ಳಿಯ ಸುತ್ತ ಒಂದು ಸುತ್ತು ಹಾಕಿದ. ಕಂಪನಿಯ ಇನ್ಸ್‌ಪೆಕ್ಟರನ ಗತ್ತು.

"ಅಕ್ಕಾ, ಬಳ್ಳಿ ಭಾರಿ ಐತಿ. ಗಂಡು ಹೂ ಯಾಕ ಒಂದೂ ಕಾಣವಲ್ದು?"

"ಕಿತ್ತೇನಿ."

"ಎಲ್ಲಾ?"

"ಎಲ್ಲಾ. ಒಂದು ಉಳಿದ್ರೂ ಪ್ಲಾಟ್ ಫೇಲ್ ಅಂತ ನೀನ ಹೇಳಿದ್ದೆಲ್ಲೋ?"

ಬಸು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. ಟವೆಲ್ಲು ಬಾಯಿಗೆ ಹಿಡಿದು ನಕ್ಕ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಆಮೇಲೆ ಹೇಳಿದ.

"ಅಲ್ಲಬೇ ಅಕ್ಕಾ, ನಮ್ಮ ಪ್ಲಾಟಿನ್ಯಾಗ ಗಂಡಿನ ಸಾಲು ಬ್ಯಾರೇ ಇರತೈತಿ. ಆ ಸಾಲಿನ ಹೂ ತಂದು ಹೆಣ್ಣಿನ ಸಾಲಿಗೆ ನಾವ ಕೈಲೆ ಮುಟ್ಟಸ್ತೀವಿ. ಅದಕ್ಕ ಹೆಣ್ಣಿನ ಸಾಲಿನ್ಯಾಗ ಹುಟ್ಟಿದ ಗಂಡು ಕೀಳೂದು, ಜಾತಿ ಕಲಬೆರಕಿ ಆಗಬಾರದಂತ. ನಿಂದು ಇರೂದ ಒಂದು ಬಳ್ಳಿ. ಇದರ ಗಂಡೂ ಕಿತ್ತ ಒಗದ್ರ ಕಾಯಿ ಎಲ್ಲಿಂದ ಹಿಡೀಬೇಕು?"

"ಇದನ್ನ ಮೊದಲ ಹೇಳಾಕ ಏನಾಗಿತ್ತು ನಿನಗ?"

"ನೀ ಕೇಳಿದ್ರ ಹೇಳ್ತಿದ್ದೆ. ನೀ ಎಲ್ಲಿ ಕೇಳ್ತಿ? ನೀ ಬರೇ ಹೇಳಾಕಿ."

(ತಮ್ಮಂದಿರಿಗೆ ಊಟ ಹಾಕಿದರೆ ಹೀಗೆಯೇ.)

ಗೋಡೆಯ ಆ ಕಡೆ ಸುಮಾ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ನನ್ನನ್ನು ಬಿಟ್ಟು ನೇರ ಬಸುವನ್ನೇ ಕೇಳಿದಳು.

"ಹಂಗಾರ ಬಳ್ಳಿದು ಏನೂ ತಪ್ಪಿಲ್ಲರಿ ಅಣ್ಣಾರ?"

"ಬಳ್ಳಿದೇನ್ ತಪ್ಪವ್ವಾ? ಆರೋಗ್ಯ ಐತಿ, ಹೆಣ್ಣು ಹೂ ಬಿಡಾಕತ್ತೇತಿ. ಬಳ್ಳಿಗೆ ಬೈದು ಏನ್ ಮಾಡೂದೈತಿ?"

ಬಸು ಕುಂಬಳದ ಬಗ್ಗೆಯಷ್ಟೇ ಹೇಳಿದ್ದ. ಅವನಿಗೆ ಈ ಮನೆಯ ಸುದ್ದಿ ಗೊತ್ತಿರಲಿಲ್ಲ. ಸುಮಾ ತಲೆ ಆಡಿಸಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಒಳಗೆ ಹೋದಳು.

ಮರುದಿನದಿಂದ ಹೂ ಕೀಳುವುದು ಬಂದ್. ಗಂಡು ಹೂವುಗಳು ಅರಳಿದವು. ಅವುಗಳ ಹಿಂದೆಯೇ ಜೇನುನೊಣಗಳು ಬಂದವು. ನಾನು ಅಷ್ಟಕ್ಕೇ ಬಿಡುವವಳಲ್ಲ. ಬಸು ಹೇಳಿಕೊಟ್ಟ ಹಾಗೆ ಒಂದು ಗಂಡು ಹೂವಿನ ಎಸಳು ಹರಿದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸಲು ಸುಮಾಳ ಕೈಗೆ ಕೊಟ್ಟೆ. ಆ ಕಾಯಿ ಹಳದಿಯಾಗಲಿಲ್ಲ. ಹಸಿರಾಗಿಯೇ ಉಳಿಯಿತು, ನಿಂಬೆಯಷ್ಟಾಯಿತು, ಮುಷ್ಟಿಯಷ್ಟಾಯಿತು, ಗಂಗವ್ವನವರ ತಗಡಿನ ಮೇಲೆ ಆರಾಮಾಗಿ ಕೂತಿತು. ಗೃಹಪ್ರವೇಶ ಮಾಡಿದಷ್ಟು ಖುಷಿಯಾಯಿತು ನನಗೆ.

ತಮ್ಮ ತಗಡಿನ ಮೇಲಿನ ಕಾಯಿ ಗಂಗವ್ವನವರಿಗೆ ಕಾಣದಿರುತ್ತದೆಯೇ? ಮೊನ್ನೆ ಮುಂಜಾನೆ ಕೇಳಿಯೇಬಿಟ್ಟರು.

"ಇದೇನ್ರಿ ಅಕ್ಕಾರ, ಈಗ್ಯಾಕ ಕಾಯಿ ಹಿಡೀತು?"

ಅವರ ಮಗ, ಸುಮಾಳ ಗಂಡ ಮಲ್ಲಿಕಾರ್ಜುನ ಆಗಲೇ ಅಂಗಳದಲ್ಲಿ ಬೈಕಿಗೆ ಕಿಕ್ ಹೊಡೆಯುತ್ತಿದ್ದ. ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಅವನ ಕೆಲಸ. ಒಳ್ಳೆಯ ಹುಡುಗ, ತಾಯಿಗೆ ಎದುರಾಡದವನು. (ನಮ್ಮಲ್ಲಿ ಈ ಎರಡನೆಯದಕ್ಕೇ ಒಳ್ಳೆಯತನ ಎನ್ನುತ್ತಾರೆ.) ನಾನು ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿ ತೆಗೆದೆ.

"ಬಳ್ಳಿದು ಏನೂ ಇರಲಿಲ್ಲರಿ ಗಂಗವ್ವಾರ. ತ್ರಾಸಿದ್ದದ್ದು ಗಂಡಿನ ಕಡೆ."

ಕಿಕ್ ಹೊಡೆಯುವುದು ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯನ್ನು ಎಷ್ಟೋ ಸಲ ಪಾಠದಲ್ಲಿ ಹೇಳಿದ್ದೇನೆ. ಕಣ್ಣಾರೆ ಕಂಡದ್ದು ಅವತ್ತೇ. ಕಬ್ಬಿಣ ಕಾದಿತ್ತು, ಬಡಿದೆ.

"ಸುಮಾನ್ನ ಎಲ್ಲೆಲ್ಲಿ ತೋರ್ಸೀರಿ?"

ಗಂಗವ್ವನವರಿಗೆ ಹುರುಪು ಬಂತು. ದಾವಣಗೆರೆಯ ಡಾಕ್ಟರು, ಹುಬ್ಬಳ್ಳಿಯ ಡಾಕ್ಟರು, ನಾಟಿ ಔಷಧದ ಅಜ್ಜ, ಹರಕೆ, ಉಪವಾಸ, ತಾಯಿತ. ಕೇಳುತ್ತ ಕೇಳುತ್ತ ನನಗೇ ಸುಸ್ತಾಯಿತು. ಆ ಹುಡುಗಿಯ ಹೊಟ್ಟೆಗೆ ಏನೇನು ಕಷಾಯ ಇಳಿದಿದೆಯೋ.

"ಮಲ್ಲಿಕಾರ್ಜುನನ್ನ?"

"ಅವಂಗೇನಾಗೇತ್ರಿ? ಗಂಡಸವ."

ಕೇಳಿದಿರಾ? ಗಂಡಸು ಅನ್ನುವುದೇ ಸರ್ಟಿಫಿಕೇಟು. ತಪಾಸಣೆ ಬೇಕಿಲ್ಲ, ರಿಪೋರ್ಟು ಬೇಕಿಲ್ಲ. ಇದು ಬರೇ ಗಂಗವ್ವನವರ ಮಾತೂ ಅಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಡಬಲ್ ಗ್ರಾಜುಯೇಟುಗಳ ಬಾಯಲ್ಲೂ ಇದನ್ನೇ ಕೇಳಿದ್ದೇನೆ. ಇಬ್ಬರೂ ಬನ್ನಿ ಎಂದು ಡಾಕ್ಟರು ಹೇಳುತ್ತಾರೆ. ಹೆಂಡತಿ ಒಳಗೆ ಹೋಗುತ್ತಾಳೆ, ಗಂಡ ಹೊರಗೆ ಸಿಗರೇಟು ಸೇದುತ್ತಾನೆ. ಬೀಜದ ಸಲುವಾಗಿ ಹೂ ಹೂವಿಗೂ ಲೆನ್ಸ್ ಹಿಡಿದು ನೋಡುವ ಊರು ನಮ್ಮದು. ಸಾಲಿನಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು ಎಂದು ಬೆರಳ ತುದಿಯಲ್ಲಿ ಲೆಕ್ಕ ಇಡುವ ಊರು. ಹೊಲದಲ್ಲಿ ಕಾಯಿ ಹಿಡಿಯದಿದ್ದರೆ ನಾವು ಮೊದಲು ನೋಡುವುದು ಗಂಡಿನ ಸಾಲನ್ನು. ಮನೆಗೆ ಬಂದ ಕೂಡಲೇ ಆ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತೇವೆ.

ದೋಷ ಮಲ್ಲಿಕಾರ್ಜುನನದೇ ಎಂದು ನಾನು ಹೇಳುತ್ತಿಲ್ಲ. ಅದು ನನಗೆ ಗೊತ್ತಿಲ್ಲ, ಗಂಗವ್ವನವರಿಗೂ ಗೊತ್ತಿಲ್ಲ. ಇಬ್ಬರದೂ ಸರಿಯಿದ್ದು ಸುಮ್ಮನೆ ತಡವಾಗುತ್ತಿರಲೂಬಹುದು. ನೋಡದೆ ಹೇಳಬೇಡಿ ಎನ್ನುವುದಷ್ಟೇ ನನ್ನ ತಕರಾರು. ಇಷ್ಟನ್ನೂ ಅವರ ಅಂಗಳಕ್ಕೆ ಕೇಳಿಸುವ ಹಾಗೆಯೇ ಹೇಳಿದೆ. ಮಲ್ಲಿಕಾರ್ಜುನ ನನ್ನ ಕಡೆ ನೋಡಲಿಲ್ಲ. ಬೈಕು ಹತ್ತಿ ಹೋದ. ಸುಮಾ ಅವತ್ತು ಬಳ್ಳಿಯ ಹತ್ತಿರ ಬರಲಿಲ್ಲ. ಹೆಚ್ಚು ಮಾತಾಡಿ ಅವಳ ಬದುಕಿಗೆ ಕಲ್ಲು ಹಾಕಿದೆನೇ ಎಂಬ ಭಯ ಹುಟ್ಟಿತು. ಆದರೂ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ನಿನ್ನೆ ಬೆಳಗ್ಗೆ ಸುಮಾ ಕೈಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಈಗಲೇ ತವರಿಗೆ ಕಳಿಸುತ್ತಿದ್ದಾರೆಯೇ? ದೀಪಾವಳಿ ಇನ್ನೂ ದೂರವಿತ್ತು. ಮಲ್ಲಿಕಾರ್ಜುನ ಬೈಕು ಹೊರಗೆ ತೆಗೆದ.

"ಕುಪ್ಪೇಲೂರಿಗೆ ಬಿಟ್ಟ ಬರ್ತೀಯೇನೋ?" ಎಂದರು ಗಂಗವ್ವ, ಬಾಗಿಲಲ್ಲಿ ನಿಂತು.

"ಇಲ್ಲಬೇ ಯವ್ವಾ. ಹುಬ್ಬಳ್ಳಿಗೆ ಹೊಂಟೇವಿ, ದವಾಖಾನಿಗೆ." ಅವನು ತಾಯಿಯ ಮುಖ ನೋಡದೆ ಹೇಳಿದ. "ಈ ಸಲ ನನ್ನ ತೋರಿಸ್ಕೊಂಡು ಬರ್ತೀನಿ."

ಸುಮಾ ಹಿಂದೆ ಕೂತಳು. ಹೋಗುವಾಗ ನನ್ನ ಕಡೆ ನೋಡಿ ನಗಲಿಲ್ಲ, ಕೈ ಬೀಸಲಿಲ್ಲ. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ನೆಟ್ಟಗೆ ಕೂತಿದ್ದಳು.

ಬೈಕಿನ ಸದ್ದು ಓಣಿ ದಾಟಿದ ಮೇಲೆ ಗಂಗವ್ವನವರು ಗೋಡೆಯ ಹತ್ತಿರ ಬಂದರು. ಸಿಟ್ಟಿರಲಿಲ್ಲ, ಖರೇನೇ ಹೆದರಿದ್ದರು.

"ಗಂಡಸನ್ನ ದವಾಖಾನಿಗೆ ತೋರ್ಸಿದ್ರ ಮಂದಿ ಏನಂತಾರ್ರಿ ಅಕ್ಕಾರ?"

"ಯಾವ ಮಂದಿರಿ ಗಂಗವ್ವಾರ? ಇಷ್ಟು ವರ್ಷ ನಿಮ್ಮ ಸೊಸೀಗೆ ಅಂದ್ರಲ್ಲ, ಆ ಮಂದೀನೋ?"